ಥೆರಪಿಯಲ್ಲಿ ಅಪ್ಪ-ಅಮ್ಮನಿಗೇನು ಕೆಲಸ?

ಪ್ರಶ್ನೆ: ಆಟಿಸಂ ಇರುವ ಪುಟ್ಟ ಮಗುವಿಗೆ ತಜ್ಞರ ಚಿಕಿತ್ಸೆ ಸಾಲದೇ? ಪೋಷಕರೂ ಯಾಕೆ ಜೊತೆಗೆ ಕೂರಬೇಕು?

ಉತ್ತರ: ಸಾಲದು. ವಾರಕ್ಕೆ ಕೆಲವೇ ಗಂಟೆ ಥೆರಪಿಸ್ಟ್ ಬಳಿ ಇರುವ ಮಗು ಉಳಿದ ಹೊತ್ತೆಲ್ಲ ಮನೆಯಲ್ಲಿರುತ್ತದೆ. ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಬಳಸುವುದು ಇಂಥ ಅನೇಕ ಮಕ್ಕಳಿಗೆ ಕಷ್ಟ.

ಪೋಷಕರ ಮೂಲಕವೇ ಮಗುವಿಗೆ ನೆರವಾಗುವ ಬಗ್ಗೆ ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯ 65 ಮಕ್ಕಳ ಮೇಲೆ ನಡೆದ ‘ಪಾಸ್’ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅಲ್ಲಿ ನೆರವು ನೀಡುತ್ತಿದ್ದವರು ತಜ್ಞವೈದ್ಯರಲ್ಲ, ತರಬೇತಿ ಪಡೆದ ಕಾರ್ಯಕರ್ತರು. ಪೋಷಕರು ಮಗುವಿನೊಂದಿಗೆ ಆಡುವುದನ್ನು ವಿಡಿಯೊ ಮಾಡಿ, ಅದನ್ನು ಅವರೊಂದಿಗೇ ಕೂತು ನೋಡುತ್ತಿದ್ದರು. ಮಗು ಆಟದ ಕಾರಿನ ಚಕ್ರ ತಿರುಗಿಸುತ್ತಿದೆ ಎನ್ನಿ. “ಇದ್ಯಾವ ಬಣ್ಣ, ಹೇಳು” ಎಂದು ಪೀಡಿಸುವ ಬದಲು ಅಮ್ಮ “ಗಿರಗಿರ!” ಎಂದು ಸುಮ್ಮನೆ ಕಾಯುತ್ತಾಳೆ. ಮಗು ಒಮ್ಮೆ ತಿರುಗಿ ನೋಡಿದರೂ ಅದು ಮಾತುಕತೆಯೇ. ಅಧ್ಯಯನದಲ್ಲಿ ಹೀಗೆ ನೆರವು ಪಡೆದ ಗುಂಪಿನ ಮಕ್ಕಳು ತಾವಾಗಿ ಸಂವಹನ ಆರಂಭಿಸುವುದು ಹೆಚ್ಚಿತು. ಆದರೆ ಪೋಷಕರು, ಮಗು ಇಬ್ಬರೂ ಒಂದೇ ವಸ್ತುವಿನ ಮೇಲೆ ಗಮನವಿಡುವ ಸಮಯ ಮಾತ್ರ ಕಡಿಮೆಯಾಯಿತು; ಈ ವಿಧಾನ ಪವಾಡವೇನಲ್ಲ.

ಹಾಗೆಂದು ಪೋಷಕರಷ್ಟೇ ಸಾಲದು. ಸಮಗ್ರ ಚಿಕಿತ್ಸೆಯೆಂದರೆ ಸ್ಪೀಚ್ ಥೆರಪಿಸ್ಟ್, ಆಕ್ಯುಪೇಶನಲ್ ಥೆರಪಿಸ್ಟ್, ಅಂಗನವಾಡಿ ಶಿಕ್ಷಕಿ, ಮನೆಯವರು ಎಲ್ಲರೂ ಒಂದೇ ಗುರಿ ಹಿಡಿಯುವುದು. ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದು ಈ ತಿಂಗಳ ಗುರಿಯಾದರೆ, ತಿಂಡಿ ತಟ್ಟೆಯ ಮುಂದೆಯೂ ಅದೇ ಅಭ್ಯಾಸ.

ಮುಂದಿನ ಭೇಟಿಯಲ್ಲಿ ಹೊರಗಿನ ಬೆಂಚಿನಲ್ಲಿ ಕೂರಬೇಡಿ. ಒಳಗೆ ಹೋಗಿ, “ಈ ವಾರ ಮನೆಯಲ್ಲಿ ಏನು ಮಾಡಲಿ?” ಎಂದು ಕೇಳಿ.