ಕಡಲಿನಲ್ಲಿ ಮಡಿದವರ ಊರುಹೆಸರು

ಕಾಳಗದಲ್ಲಿ ಮಡಿದವನಿಗೆ ಕೋಲಾರ ಸೀಮೆಯಲ್ಲಿ ವೀರಗಲ್ಲುಂಟು. ಕಡಲಿನಲ್ಲಿ ಮಡಿದ ಕೂಲಿಯಾಳಿಗೆ ಉಳಿದುದು ಹಡಗಿನ ಪಟ್ಟಿಯ ಒಂದು ಸಾಲು. 1860ರಿಂದ 1911ರವರೆಗೆ ಕರಾರಿನ ಮೇಲೆ ನೇಟಾಲಿಗೆ ಹೋದ 1,52,184 ಮಂದಿಯಲ್ಲಿ ಹೆಚ್ಚಿನವರು ಮದರಾಸಿನಲ್ಲಿ ಹಡಗೇರಿದವರು. ಮೈಸೂರು ಸೀಮೆಯವರೂ ಅವರಲ್ಲಿದ್ದರು. ಟೇಕಲ್ಲಿನ ಮೇಲೆ ಹಾಯುವ ಬೆಂಗಳೂರು-ಜೋಲಾರಪೇಟೆ ರೈಲುದಾರಿಯು 1864ರಲ್ಲಿ ತೆರೆದು ಆ ರೇವನ್ನು ಸಮೀಪಕ್ಕೆ ತಂದಿತು.

ಪಟ್ಟಿಯಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಗ್ರಾಮ, ತಾಲ್ಲೂಕು, ಮೈಗುರುತುಗಳಿವೆ. ಆದರೆ ರೋಮನ್ ಲಿಪಿಯಲ್ಲಿ ಟಕಾರ ತಕಾರಗಳಿಗೂ ಲಕಾರ ಳಕಾರಗಳಿಗೂ ಭೇದವಿಲ್ಲ; ಗುಮಾಸ್ತನ ಕಿವಿಯೋ ಕೇಳಲೇಬೇಡ! ಆದಕಾರಣ ಟೇಕಲ್ಲನ್ನೊಂದನ್ನೇ ಅರಸದೆ, ಮಾಲೂರು ಕೋಲಾರಗಳನ್ನೂ ನೋಡಿ, 1905ರ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟದ ಗ್ರಾಮನಾಮಗಳೊಡನೆ ಹೋಲಿಸುವುದು ಯುಕ್ತ. ಮುನಿಯಪ್ಪ, ವೆಂಕಟಪ್ಪ ಎಂಬ ಹೆಸರುಗಳು ಸೀಮೆಯಲ್ಲೆಲ್ಲ ಉಂಟಾದುದರಿಂದ ತಂದೆಯ ಹೆಸರೂ ಮೈಗುರುತೂ ಹೆಚ್ಚು ಪ್ರಮಾಣ. ದಾರಿಯಲ್ಲಿ ಸತ್ತವನ ಸಂಖ್ಯೆಯು ನೇಟಾಲಿನ ತೋಟಗಳ ಕಾಗದಗಳಲ್ಲಿ ಮುಂದೆ ದೊರೆಯದು.