ಮಗುಚಿದರೂ ಮೇಲೇಳುವ ದೋಣಿ

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೂಲ್ ಪಟ್ಟಣದಲ್ಲಿ ಹೊಸ ರಕ್ಷಣಾ ದೋಣಿಯನ್ನು ಬೇಕೆಂದೇ ಮಗುಚಿ ನೋಡುತ್ತಾರೆ. ದೋಣಿಯ ಒಡಲಿಗೆ ಅಗಲವಾದ ಪಟ್ಟಿ ಸುತ್ತಿ, ಕ್ರೇನಿನಿಂದ ಒಂದು ಬದಿಗೆ ಎಳೆಯುತ್ತಾರೆ. ದೋಣಿ ವಾಲಿ, ಅಡ್ಡ ಬಿದ್ದು, ಕೊನೆಗೆ ಬೋರಲಾಗುತ್ತದೆ. ಪಟ್ಟಿ ಸಡಿಲಿಸಿದ ಕೆಲವೇ ಸೆಕೆಂಡುಗಳಲ್ಲಿ, ಮೈಯಿಂದ ನೀರು ಸುರಿಸುತ್ತ ತಾನಾಗಿಯೇ ನೆಟ್ಟಗಾಗುತ್ತದೆ.

ಈ ಪರೀಕ್ಷೆ ನಡೆಸುವುದು ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್. 1824ರಲ್ಲಿ ವಿಲಿಯಂ ಹಿಲರಿ ಹುಟ್ಟುಹಾಕಿದ ಈ ಸಂಸ್ಥೆ ಇಂದಿಗೂ ಜನರ ದೇಣಿಗೆಯಿಂದಲೇ ನಡೆಯುತ್ತಿದೆ. ದೋಣಿ ಏರುವವರಲ್ಲಿ ಬಹುಪಾಲು ಸ್ವಯಂಸೇವಕರು. ಪೇಜರ್ ಕೂಗಿದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಾರೆ. ಉಳಿದವರೆಲ್ಲ ದಡ ಸೇರುವ ಹೊತ್ತಿನಲ್ಲಿ ಇವರು ಕಡಲಿಗಿಳಿಯುತ್ತಾರೆ. 1969ರ ಮಾರ್ಚ್‌ನಲ್ಲಿ ಆರ್ಕ್ನಿ ದ್ವೀಪಗಳ ಲಾಂಗ್‌ಹೋಪ್‌ನಿಂದ ಹಾಗೆ ಹೊರಟ 8 ಮಂದಿಯಲ್ಲಿ ಒಬ್ಬರೂ ಜೀವಂತ ಮರಳಲಿಲ್ಲ. ಮರುದಿನ ಅವರ ದೋಣಿ ಬೋರಲಾಗಿ ತೇಲುತ್ತಿತ್ತು. ಸತ್ತವರಲ್ಲಿ ಎರಡು ಮನೆಗಳ ತಂದೆಯರೂ ಅವರ ಇಬ್ಬಿಬ್ಬರು ಗಂಡುಮಕ್ಕಳೂ ಇದ್ದರು. ಮರುವರ್ಷವೇ ಫ್ರೇಸರ್‌ಬರಾದ ದೋಣಿಯೂ ಮಗುಚಿತು. ಅಲ್ಲಿಂದಾಚೆಗೆ ತಾನಾಗಿ ನೆಟ್ಟಗಾಗುವ ಗುಣ ಸರ್ವಋತು ದೋಣಿಗಳಿಗೆ ಕಡ್ಡಾಯದಂತಾಯಿತು.

ಇದರ ಹಿಂದಿನ ಭೌತವಿಜ್ಞಾನ ಸರಳವಾಗಿದೆ, ಆದರೆ ತಂಜಾವೂರು ಬೊಂಬೆಯಷ್ಟು ಸರಳವಲ್ಲ. ಬೊಂಬೆಗೆ ತಳಭಾರವಿದ್ದರೆ ಸಾಕು. ದೋಣಿಗೆ ಮೇಲ್ಭಾಗದಲ್ಲಿ ಗಾಳಿಯೂ ಬೇಕು. ಎಂಜಿನ್, ಇಂಧನದಂಥ ತೂಕದ ಸಾಮಾನೆಲ್ಲ ತಳದಲ್ಲಿರುತ್ತದೆ. ಚಾಲಕರ ಕೋಣೆ ಎತ್ತರವಾಗಿದ್ದು, ನೀರು ನುಗ್ಗದಂತೆ ಭದ್ರವಾಗಿರುತ್ತದೆ. ದೋಣಿ ಬೋರಲಾದಾಗ ಈ ಗಾಳಿ ತುಂಬಿದ ಕೋಣೆ ನೀರಿನಡಿ ಸಿಕ್ಕಿ ಮೇಲೇಳಲು ಒತ್ತುತ್ತದೆ. ತಲೆಯ ಮೇಲಾದ ಭಾರ ಕೆಳಗಿಳಿಯಲು ನೋಡುತ್ತದೆ. ಆ ಸ್ಥಿತಿಯಲ್ಲಿ ದೋಣಿಗೆ ನೆಲೆ ಸಿಗುವುದಿಲ್ಲ. ತುಸು ಅಲುಗಿದರೂ ಉರುಳಿಬಿಡುತ್ತದೆ. ಕೋಣೆಗೆ ನೀರು ನುಗ್ಗಿದರೆ ಮಾತ್ರ ಇದು ನಡೆಯದು. ಆದ್ದರಿಂದ ಹೊರಡುವ ಮುನ್ನ ಬಾಗಿಲು ಮುಚ್ಚುವುದೂ ಪ್ರಾಣ ಉಳಿಸುವ ಕೆಲಸವೇ.

ಪೀಟರ್ ಐರ್ ಎಂಬ ಎಂಜಿನಿಯರ್ ಒಡಲಿನ ಆಕಾರ ರೂಪಿಸಿದ, ಈ ಸಂಸ್ಥೆಯ ಶಾನನ್ ಮಾದರಿ 2014ರಲ್ಲಿ ಡಂಜನೆಸ್‌ನಲ್ಲಿ ಸೇವೆಗಿಳಿಯಿತು. ಉದ್ದ 13.6 ಮೀಟರ್, ತೂಕ ಸುಮಾರು 18 ಟನ್, ವೇಗ 25 ನಾಟ್, ಅಂದರೆ ಗಂಟೆಗೆ ಸುಮಾರು 46 ಕಿಲೋಮೀಟರ್. ಈ ವೇಗದಲ್ಲಿ ಅಲೆಯ ನೆತ್ತಿಯಿಂದ ಕೆಳಗೆ ಬಿದ್ದರೆ ನೀರು ಕಲ್ಲಿನಂತೆ ಬಡಿಯುತ್ತದೆ, ಬೆನ್ನುಮೂಳೆಗೆ ಪೆಟ್ಟಾಗುತ್ತದೆ. ಹಾಗಾಗಿ ಸಿಬ್ಬಂದಿಗೆ ಆಘಾತ ನುಂಗುವ ಆಸನಗಳಿವೆ. ಎಂಜಿನ್, ರಾಡಾರ್, ನಕ್ಷೆ ಎಲ್ಲವನ್ನೂ ಕೂತಲ್ಲಿಂದಲೇ ಪರದೆಯ ಮೇಲೆ ನೋಡಿ ನಡೆಸಬಹುದು. ಬಿರುಗಾಳಿಯಲ್ಲಿ ಎದ್ದು ಓಡಾಡುವ ಪ್ರಮೇಯವೇ ತಪ್ಪುತ್ತದೆ. ನನ್ನ ದೃಷ್ಟಿಯಲ್ಲಿ ವೇಗಕ್ಕಿಂತ ಇದು ದೊಡ್ಡ ಸುಧಾರಣೆ. ದಣಿದ, ಗಾಯಗೊಂಡ ರಕ್ಷಕ ಯಾರನ್ನೂ ಕಾಪಾಡಲಾರ.

ಶಾನನ್‌ಗೆ ಪ್ರೊಪೆಲರ್ ಇಲ್ಲ. ಎರಡು ಜಲಧಾರೆ ಯಂತ್ರಗಳು ತಳದಿಂದ ನೀರು ಹೀರಿ ಹಿಂದಕ್ಕೆ ರಭಸವಾಗಿ ಚಿಮ್ಮಿಸುತ್ತವೆ. ಪ್ರತಿಕ್ರಿಯೆಯಾಗಿ ದೋಣಿ ಮುಂದೆ ನುಗ್ಗುತ್ತದೆ. ಧಾರೆಗೆ ಅಡ್ಡಲಾಗಿ ಬಾಗಿದ ಫಲಕವೊಂದನ್ನು ಇಳಿಸಿದರೆ ನೀರು ಮುಂದಕ್ಕೆ ತಿರುಗಿ, ಓಡುತ್ತಿದ್ದ ದೋಣಿ ತನ್ನುದ್ದದಷ್ಟೇ ದೂರದಲ್ಲಿ ನಿಲ್ಲುತ್ತದೆ. ತಳದಲ್ಲಿ ತಿರುಗುವ ಅಲಗುಗಳು ಇಲ್ಲದ ಕಾರಣ ಆಳವಿಲ್ಲದ ನೀರಿಗೂ ಹೋಗಬಹುದು, ಮರಳಿನ ದಡಕ್ಕೂ ಏರಬಹುದು. ಅಳಿವೆ ಬಾಗಿಲಿನ ಮರಳದಿಬ್ಬಕ್ಕೆ ದೋಣಿ ತಾಗಿ ಮಗುಚುವುದನ್ನು ಬಲ್ಲ ನಮ್ಮ ಕರಾವಳಿಯ ಮೀನುಗಾರರಿಗೆ ಇದರ ಬೆಲೆ ಯಾರೂ ಹೇಳಿಕೊಡಬೇಕಿಲ್ಲ.

ಒಡಲು ಲೋಹದ್ದಲ್ಲ. ಎಪಾಕ್ಸಿ ಅಂಟಿನಲ್ಲಿ ನೆನೆದ ನಾರಿನ ಹಾಳೆಗಳನ್ನು ಅಚ್ಚಿನೊಳಗೆ ಪದರ ಪದರವಾಗಿ ಹಾಸಿ, ನಡುವೆ ಹಗುರ ಫೋಮ್ ಇಟ್ಟು, ಕಾಯಿಸಿ ಗಟ್ಟಿಮಾಡುತ್ತಾರೆ. ಬಾಗಿಸುವ ಬಲವನ್ನು ಹೊರುವುದು ಹೊರಗಿನ ಎರಡು ಪದರಗಳು. ಅವೆರಡರ ನಡುವಿನ ಅಂತರ ಹೆಚ್ಚಿದಷ್ಟೂ ಗೋಡೆ ಬಿಗಿಯಾಗುತ್ತದೆ, ತೂಕ ಮಾತ್ರ ಅಷ್ಟಾಗಿ ಏರುವುದಿಲ್ಲ.

ಒಂದು ಶಾನನ್‌ಗೆ 20 ಲಕ್ಷ ಪೌಂಡ್‌ಗೂ ಮೀರಿದ ಖರ್ಚು. ದೇಣಿಗೆಯ ಹಣವಾದ್ದರಿಂದ ಬಾಳಿಕೆಯ ಲೆಕ್ಕವೂ ಉದ್ದವಾಗಿದೆ: 25 ವರ್ಷಕ್ಕೆ ಎಂಜಿನ್, ಎಲೆಕ್ಟ್ರಾನಿಕ್ಸ್ ಎಲ್ಲ ಬದಲಿಸಿ, ಅದೇ ಒಡಲನ್ನು ಇನ್ನೂ 25 ವರ್ಷ ದುಡಿಸುವುದು. ಡಂಜನೆಸ್‌ನ ಆ ದೋಣಿ 2064ರ ತನಕವೂ ಕಡಲಿಗಿಳಿಯುತ್ತಿರಬೇಕೆಂಬುದು ಕಟ್ಟಿದವರ ಎಣಿಕೆ.