ನಿಧಾನವಾಗಿ ಓಡುವ ವಿದ್ಯೆ

1960ರ ಸೆಪ್ಟೆಂಬರ್ 2ರಂದು ರೋಂ ಒಲಿಂಪಿಕ್ ಕ್ರೀಡಾಂಗಣದಲ್ಲಿ ಪುಟ್ಟ ದೇಶವಾದ ನ್ಯೂಜಿಲೆಂಡಿನ ಇಬ್ಬರು ಒಂದು ಗಂಟೆಯ ಅಂತರದೊಳಗೆ ಎರಡು ಚಿನ್ನದ ಪದಕ ಗೆದ್ದರು. 800 ಮೀಟರ್ ಓಟದಲ್ಲಿ ಪೀಟರ್ ಸ್ನೆಲ್, 5,000 ಮೀಟರ್ ಓಟದಲ್ಲಿ ಮರ್ರೆ ಹಾಲ್ಬರ್ಗ್. ಎಂಟು ದಿನಗಳ ಬಳಿಕ ಮ್ಯಾರಥಾನಿನಲ್ಲಿ ಅದೇ ದೇಶದ ಬ್ಯಾರಿ ಮ್ಯಾಗಿ ಕಂಚು ಪಡೆದ. ಎರಡು ನಿಮಿಷದೊಳಗೆ ಮುಗಿಯುವ ಓಟಕ್ಕೂ ಎರಡು ಗಂಟೆಗೂ ಮೀರಿದ ಓಟಕ್ಕೂ ಏನು ಸಂಬಂಧ ಎಂದು ಯಾರಿಗಾದರೂ ಅನ್ನಿಸಬಹುದು. ಸಂಬಂಧವಿತ್ತು. ಮೂವರೂ ಆಕ್ಲೆಂಡಿನಲ್ಲಿ ಒಬ್ಬನೇ ಗುರುವಿನ ಬಳಿ ಪಳಗಿದವರು. ವೈಟಕೆರೆ ಬೆಟ್ಟಸಾಲಿನ 22 ಮೈಲಿಗಳ ಏರಿಳಿತದ ದಾರಿಯೇ ಮೂವರಿಗೂ ಭಾನುವಾರದ ಪಾಠಶಾಲೆ.

ಆ ಗುರು ಆರ್ಥರ್ ಲಿಡಿಯಾರ್ಡ್. 1917ರಲ್ಲಿ ಹುಟ್ಟಿದ ಆತನಿಗೆ ಶರೀರವಿಜ್ಞಾನದ ಪದವಿಯಿರಲಿಲ್ಲ. ಪಾದರಕ್ಷೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ರಗ್ಬಿ ಆಡುತ್ತಿದ್ದುದರಿಂದ ತನ್ನ ಮೈ ಗಟ್ಟಿಯಾಗಿದೆ ಎಂಬ ನಂಬಿಕೆಯಿತ್ತು. ವಯಸ್ಸಿನಲ್ಲಿ ಹಿರಿಯನಾದ ಗೆಳೆಯನೊಬ್ಬ ಐದು ಮೈಲಿ ಓಡಿಸಿದಾಗ ಆ ನಂಬಿಕೆ ಮುರಿದುಬಿತ್ತು. ಮೂವತ್ತರ ಒಳಗೇ ಈ ಗತಿಯಾದರೆ ಐವತ್ತಕ್ಕೆ ಏನು? ಅಂದಿನಿಂದ ಆತ ತನ್ನ ದೇಹವನ್ನೇ ಪ್ರಯೋಗಶಾಲೆ ಮಾಡಿಕೊಂಡ. ಕೆಲವು ವಾರ 250 ಮೈಲಿಯವರೆಗೂ ಓಡಿದ್ದುಂಟು. ಹೆಚ್ಚಾದರೆ ಏನಾಗುತ್ತದೆ, ಕಡಿಮೆಯಾದರೆ ಏನಾಗುತ್ತದೆ ಎಂದು ವರ್ಷಗಟ್ಟಲೆ ನೋಡಿ, ವಾರಕ್ಕೆ 100 ಮೈಲಿ, ಅಂದರೆ ಸುಮಾರು 160 ಕಿಲೋಮೀಟರ್, ಎಂಬ ಲೆಕ್ಕಕ್ಕೆ ಬಂದ. 1953 ಮತ್ತು 1955ರಲ್ಲಿ ದೇಶದ ಮ್ಯಾರಥಾನ್ ಚಾಂಪಿಯನ್ ಆದ.

ಆ ಕಾಲದಲ್ಲಿ ಓಟದ ತರಬೇತಿಯೆಂದರೆ ಟ್ರ್ಯಾಕಿನ ಮೇಲೆ 400 ಮೀಟರನ್ನು ಮತ್ತೆ ಮತ್ತೆ ವೇಗವಾಗಿ ಓಡುವುದು. 1952ರ ಹೆಲ್ಸಿಂಕಿಯಲ್ಲಿ ಮೂರು ಚಿನ್ನ ಗೆದ್ದ ಎಮಿಲ್ ಝಾಟೊಪೆಕ್‌ನ ಹೆಸರು ಈ ಪದ್ಧತಿಗೆ ದೊಡ್ಡ ಬಲ ಕೊಟ್ಟಿತ್ತು. ಲಿಡಿಯಾರ್ಡ್‌ನ ವಾದವೇ ಬೇರೆ. ಓಟಗಾರನಿಗೆ ಸಾಮಾನ್ಯವಾಗಿ ವೇಗದ ಕೊರತೆಯಿಲ್ಲ, ಇರುವ ವೇಗವನ್ನು ಕೊನೆಯವರೆಗೆ ಉಳಿಸಿಕೊಳ್ಳುವ ತ್ರಾಣದ ಕೊರತೆಯಿದೆ ಎಂದ. ಆದ್ದರಿಂದ ಮೊದಲು ತಿಂಗಳುಗಟ್ಟಲೆ ದೂರದ ಓಟ, ಅನಂತರ ಕೆಲವು ವಾರ ದಿಣ್ಣೆ ಹತ್ತುವ ಅಭ್ಯಾಸ, ಆಮೇಲಷ್ಟೇ ಟ್ರ್ಯಾಕಿನ ವೇಗ. ರೋಮ್‌ನಲ್ಲಿ 800 ಮೀಟರಿನ ನಾಲ್ಕು ಸುತ್ತುಗಳು ಮೂರೇ ದಿನಗಳಲ್ಲಿ ನಡೆದವು. ಕೊನೆಯ ಸುತ್ತಿನ ಹೊತ್ತಿಗೆ ಇತರರ ಕಾಲು ಸೋತಿತ್ತು, ಸ್ನೆಲ್‌ನದು ಸೋತಿರಲಿಲ್ಲ.

ಇದರ ಒಳಗುಟ್ಟು ಈಗ ಚೆನ್ನಾಗಿ ತಿಳಿದಿದೆ. ಏದುಸಿರು ಬಾರದ ಓಟದಲ್ಲಿ ಸ್ನಾಯುವಿಗೆ ಬೇಕಾದ ಆಮ್ಲಜನಕ ಬೇಕಾದಷ್ಟೇ ದೊರೆಯುತ್ತಿರುತ್ತದೆ. ಇಂತಹ ಓಟವನ್ನು ತಿಂಗಳುಗಳ ಕಾಲ ಮಾಡಿದರೆ ಹೃದಯದ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಹೊರಡುತ್ತದೆ, ಸ್ನಾಯುಗಳಲ್ಲಿ ಕೂದಲಿನಂತಹ ರಕ್ತನಾಳಗಳು ಹೊಸದಾಗಿ ಕವಲೊಡೆಯುತ್ತವೆ, ಜೀವಕೋಶಗಳ ಒಲೆಗಳಾದ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ. ಸ್ನೆಲ್ ಮುಂದೆ ಅಮೆರಿಕದಲ್ಲಿ ವ್ಯಾಯಾಮ ಶರೀರವಿಜ್ಞಾನಿಯಾದ. ತನ್ನ ಗುರು ಅನುಭವದಿಂದ ಕಂಡುಕೊಂಡದ್ದಕ್ಕೆ ಒಂದು ಕಾರಣವನ್ನೂ ಕೊಟ್ಟ. ದೀರ್ಘ ಓಟದಲ್ಲಿ ನಿಧಾನದ ಕೆಲಸಕ್ಕೆ ಹೊಂದಿದ ಸ್ನಾಯುತಂತುಗಳ ಇಂಧನ ಮುಗಿದಾಗ ವೇಗದ ತಂತುಗಳೂ ದುಡಿಮೆಗೆ ಇಳಿಯಬೇಕಾಗುತ್ತದೆ. ಹೀಗೆ ವೇಗವಾಗಿ ಓಡದೆಯೇ ಅವಕ್ಕೂ ತ್ರಾಣದ ಪಾಠವಾಗುತ್ತದೆ.

ಲಿಡಿಯಾರ್ಡ್‌ನ ಮಾತನ್ನು ಲೋಕ ಎರಡು ಬಗೆಯಲ್ಲಿ ತಪ್ಪಾಗಿ ಕೇಳಿಸಿಕೊಂಡಿತು. ಕೆಲವರು ನೂರು ಮೈಲಿಯನ್ನೇ ಮಂತ್ರವೆಂದು ತಿಳಿದು ಕಾಲು ಮುರಿದುಕೊಂಡರು. ಇನ್ನು ಕೆಲವರು ಎಷ್ಟು ನಿಧಾನವಾದರೆ ಅಷ್ಟು ಒಳ್ಳೆಯದು ಎಂದುಕೊಂಡರು. ಆತನ ಶಿಷ್ಯರ ‘ಸುಲಭ’ ಓಟದ ವೇಗ ಸಾಮಾನ್ಯನಿಗೆ ಸ್ಪರ್ಧೆಯ ವೇಗಕ್ಕಿಂತ ಹೆಚ್ಚು. ಅಳತೆ ಗಡಿಯಾರದಲ್ಲಿಲ್ಲ, ಉಸಿರಿನಲ್ಲಿದೆ. ಓಡುತ್ತಲೇ ಪಕ್ಕದವರೊಡನೆ ಪೂರ್ತಿ ವಾಕ್ಯ ಆಡಲು ಸಾಧ್ಯವಾದರೆ ವೇಗ ಸರಿ. ಎರಡೆರಡು ಪದಕ್ಕೆ ನಿಲ್ಲಬೇಕಾದರೆ ಹೆಚ್ಚಾಯಿತು.

ಪದಕಗಳಿಗಿಂತ ದೊಡ್ಡದೆನ್ನಬಹುದಾದ ಕೆಲಸ ನಡೆದದ್ದು 1962ರಲ್ಲಿ. ಆಕ್ಲೆಂಡಿನ ನಡುವಯಸ್ಸಿನ, ಬೊಜ್ಜು ಬೆಳೆಸಿಕೊಂಡ ಜನರಿಗಾಗಿ ಜಾಗಿಂಗ್ ಕ್ಲಬ್ಬೊಂದು ಹುಟ್ಟಿತು. ಸದಸ್ಯರಲ್ಲಿ ಹೃದಯಾಘಾತದಿಂದ ಚೇತರಿಸಿಕೊಂಡವರೂ ಇದ್ದರು. ಹೃದ್ರೋಗಿಗೆ ಹಾಸಿಗೆಯೇ ಮದ್ದು ಎಂದು ನಂಬಿದ್ದ ಕಾಲವದು ಎಂಬುದನ್ನು ನೆನೆಯಬೇಕು. ಆ ವರ್ಷದ ಕೊನೆಯಲ್ಲಿ ಅಮೆರಿಕದ ಆರೆಗನ್ ವಿಶ್ವವಿದ್ಯಾಲಯದ ತರಬೇತುದಾರ ಬಿಲ್ ಬೋವರ್‌ಮನ್ ಅಲ್ಲಿಗೆ ಬಂದ. ಐವತ್ತು ದಾಟಿದ ಆತ ಕ್ಲಬ್ಬಿನವರೊಡನೆ ಹೊರಟು ದಿಣ್ಣೆಯ ಮೇಲೆ ಏದುಸಿರು ಬಿಡತೊಡಗಿದಾಗ, ಎಪ್ಪತ್ತು ದಾಟಿದ, ಹೃದಯಾಘಾತಗಳನ್ನು ಕಂಡಿದ್ದ ಮುದುಕನೊಬ್ಬ ಆತನ ಜೊತೆ ಹಿಂದುಳಿದು ದಾರಿ ತೋರಿಸಬೇಕಾಯಿತು. ಊರಿಗೆ ಮರಳಿದ ಬೋವರ್‌ಮನ್ ತಾನೂ ಜನಸಾಮಾನ್ಯರಿಗೆ ಓಟ ಕಲಿಸಲು ನಿಂತ. ಹೃದ್ರೋಗ ತಜ್ಞರೊಬ್ಬರ ಜೊತೆ ಸೇರಿ ಆತ ಬರೆದ ‘ಜಾಗಿಂಗ್’ ಪುಸ್ತಕ 1967ರಲ್ಲಿ ಬಂದು ಅಮೆರಿಕವನ್ನೇ ಬೀದಿಗಿಳಿಸಿತು.

ಇಂದು ಹವ್ಯಾಸಕ್ಕೆಂದು ಓಡಲು ಹೊರಟವರಲ್ಲಿ ಹಲವರು ಎರಡು ತಿಂಗಳೊಳಗೆ ಮೊಣಕಾಲು ಹಿಡಿದು ಮನೆಯಲ್ಲಿ ಕೂರುವುದಕ್ಕೆ ಕಾರಣ ಆಲಸ್ಯವಲ್ಲ, ಅವಸರ. ಹೃದಯ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಹುರುಪುಗೊಳ್ಳುತ್ತವೆ. ಮೂಳೆ, ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳು ಬೇಕು. ಉಸಿರು ಸಾಲುತ್ತದೆಂದು ದೂರ ಹೆಚ್ಚಿಸಿದರೆ ಮೊಳಕಾಲಿನ ಮೂಳೆ ದೂರು ಹೇಳುತ್ತದೆ. ಆರಂಭಿಸುವವರು ವಾರಕ್ಕೆ ಮೂರು ನಾಲ್ಕು ದಿನ, ಓಟದ ನಡುವೆ ನಡಿಗೆ ಬೆರೆಸಿ, ಅರ್ಧ ಗಂಟೆಗೆ ತೃಪ್ತರಾಗುವುದು ಲೇಸು. ಹದಿನೈದು ನಿಮಿಷ ಓಡಿ ಹಿಂದಿರುಗಲಿ. ಅದೇ ದಾರಿ ವಾಪಸು ಬರಲು ಹೆಚ್ಚು ಹೊತ್ತು ಹಿಡಿದರೆ ಹೋಗುವಾಗ ದುಡುಕಿದ್ದಾರೆ ಎಂದರ್ಥ. ಹೃದಯದ ತೊಂದರೆಯಿದ್ದವರು ಮೊದಲು ವೈದ್ಯರನ್ನು ಕಾಣಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಕಾಡುದಾರಿ, ಬೆಟ್ಟದ ದಾರಿಗಳ ಓಟಕ್ಕೆ ಇನ್ನೂ ಒಂದು ಮಾತು ಸೇರಿಸಬೇಕು. ಅಲ್ಲಿ ಕಿಲೋಮೀಟರ್ ಎಣಿಸುವುದರಲ್ಲಿ ಹುರುಳಿಲ್ಲ, ಗಂಟೆಯ ಲೆಕ್ಕವೇ ಸರಿ. ಕಡಿದಾದ ಏರಿನಲ್ಲಿ ನುರಿತವರೂ ನಡೆಯುತ್ತಾರೆ, ಅದರಲ್ಲಿ ನಾಚಿಕೆಯಿಲ್ಲ. ನಿಜವಾದ ಪೆಟ್ಟು ಇಳಿಜಾರಿನದು. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕಾಗಿ ಸೂಕ್ಷ್ಮವಾಗಿ ಹರಿಯುತ್ತದೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಇಳಿದವರಿಗೆ ಮಾರನೆಯ ದಿನವಲ್ಲ, ಅದರ ಮರುದಿನ ಕೂತು ಏಳುವುದು ಕಷ್ಟವಾಗುವುದು ಇದರಿಂದಲೇ. ಸ್ನಾಯು ಇದನ್ನೂ ಬೇಗ ಕಲಿಯುತ್ತದೆ. ಸ್ಪರ್ಧೆಗೆ ಮೂರು ನಾಲ್ಕು ವಾರ ಮೊದಲು ಸಣ್ಣ ಇಳಿಜಾರುಗಳಲ್ಲಿ, ಪುಟ್ಟ ಪುಟ್ಟ ಹೆಜ್ಜೆಯಿಟ್ಟು, ಕೆಲವು ಸಲ ಓಡಿದ್ದರೆ ಎರಡನೆಯ ಬಾರಿಗೆ ಆ ನೋವು ಬಹುಪಾಲು ಇಳಿದಿರುತ್ತದೆ.